ಕೊಂಡಿಯಮ್ಮನ ದಿಬ್ಬ

ಕಾರೇಹಾಳಿನ ಕೆರೆಯ ಮೂಡಲಿಗೆ, ಜಾಲಿಮರಗಳ ನಡುವೆ ಒಂದು ಮಣ್ಣಿನ ದಿಬ್ಬವಿದೆ. ದುರ್ಗದ ಕಡೆಯಿಂದ ಬರುವ ಬಸ್ಸು ಅದರ ಬುಡದಲ್ಲೇ ನಿಲ್ಲುತ್ತದೆ. ದಿಬ್ಬದ ನೆತ್ತಿಯ ಮೇಲೆ ಕೊಂಡಿಯಮ್ಮನ ಗುಡಿ. ಗುಡಿಗೆ ಹೊಸದಾಗಿ ತಗಡಿನ ಚಾವಣಿ ಹಾಕಿಸಿದ್ದಾರೆ. ಈ ಹೆಸರು ಹೇಗೆ ಬಂತೆಂದು ಬಂದವರೆಲ್ಲ ಕೇಳುತ್ತಾರೆ, ಊರವರು ನನ್ನ ಕಡೆ ಕೈ ತೋರಿಸುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಅರ್ಧ ಕೇಳುವಷ್ಟರಲ್ಲಿ ಬಸ್ಸು ಬಂತೆಂದು ಎದ್ದುಹೋಗುವವರೇ ಹೆಚ್ಚು. ಆದರೂ ಕೇಳಿದಿರಲ್ಲ, ಹೇಳುತ್ತೇನೆ.

ಹಿಂದೆ ಒಮ್ಮೆ, ಈ ದಿಬ್ಬ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಮುಂಗಾರಿಗೆ ಮೊದಲು ಮನೆಗೊಬ್ಬರಂತೆ ಬಂದು ಕೆರೆಯ ಹೂಳು ತೆಗೆಯುವ ಕಟ್ಟಳೆ ಇತ್ತು ಎನ್ನುತ್ತಾರೆ. ಗಂಡಸರು ಅಗೆಯಬೇಕು, ಹೆಂಗಸರು ಹೊರಬೇಕು. ಕೆರೆಯಮ್ಮ ಮೀಯುವಾಗ ಅವಳ ಒಡವೆಗಳು ನೀರಿಗೆ ಜಾರುತ್ತವೆಂದು ಊರಿನ ನಂಬಿಕೆ. ಆದ್ದರಿಂದ ಹೂಳಿನಲ್ಲಿ ಲೋಹದ ಚೂರು ಸಿಕ್ಕರೂ ಅಂದೇ ಏರಿಯ ಮೇಲಿದ್ದ ಅವಳ ಹಳೇ ಗುಡಿಯ ಮೆಟ್ಟಿಲ ಮೇಲೆ ಇಡಬೇಕು. ಇಡದಿದ್ದರೆ ಮಳೆ ಮುನಿಯುತ್ತದೆ. ಆ ವರ್ಷ ತಿಪ್ಪವ್ವನೆಂಬ ಬಡವಿಯ ಹೂಳು ಹೊರುವ ಪುಟ್ಟಿಯಲ್ಲಿ, ಬಿಲ್ಲಿನಂತೆ ಬಾಗಿ ಬೆನ್ನಿಗೊಂದು ಸೂಜಿಯಿದ್ದ ಕಂಚಿನ ಕೊಂಡಿಯೊಂದು ಸಿಕ್ಕಿತು. ಅವಳಿಗಿದ್ದದ್ದು ಒಂದೇ ಸೀರೆ, ಅದೂ ಸವೆದು ಜಾಳಾದದ್ದು. ಎರಡೂ ಕೈಯೆತ್ತಿ ಪುಟ್ಟಿ ಹಿಡಿದರೆ ಸೆರಗು ಜಾರುತ್ತಿತ್ತು, ಅಗೆಯುವ ಗಂಡಸರು ತಲೆಯೆತ್ತಿ ನೋಡುತ್ತಿದ್ದರು. ಅವಳು ಕೊಂಡಿಯನ್ನು ಒರೆಸಿ ಹೆಗಲ ಮೇಲೆ ಸೆರಗಿಗೆ ಸಿಕ್ಕಿಸಿಕೊಂಡಳು. ಅಂದು ಮಧ್ಯಾಹ್ನದವರೆಗೆ ಅವಳು ತಲೆ ತಗ್ಗಿಸದೆ ನಡೆದಳಂತೆ.

ಸುದ್ದಿ ಯಜಮಾನ ಬೋರಯ್ಯನ ಕಿವಿಗೆ ಬಿತ್ತು. ಅವನೇನೂ ಕೆಟ್ಟವನಲ್ಲ, ಮಳೆಗೆ ಹೆದರಿದವನು. ಕೆರೆಯಂಗಳಕ್ಕೆ ಬಂದು, "ಅದು ಅಮ್ಮನ ಒಡವೆ ಕಣವ್ವ, ಬಿಚ್ಚಿಡು" ಎಂದ.

ತಿಪ್ಪವ್ವ ಪುಟ್ಟಿ ಇಳಿಸಿದಳು. "ಬಿಚ್ಚಿಡ್ತೀನಿ ಯಜಮಾನ್ರೇ. ಆಮೇಲೆ ಸೆರಗು ಹಿಡಿಯಾಕೆ ಒಂದು ಕೈ, ಪುಟ್ಟಿ ಹಿಡಿಯಾಕೆ ಒಂದೇ ಕೈ. ಅಮ್ಮಂಗೆ ಪೆಟ್ಟಿಗೆ ತುಂಬಾ ಸೀರೆ ಐತೆ. ಅವಳೇನು ಮಣ್ಣು ಹೊರ್ತಾಳಾ?"

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಪುಟ್ಟಿ ಇಳಿಸಿ ಅವಳ ಹಿಂದೆ ನಿಂತರು. ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ತೂಬಿನ ಬಾಯಿ ಇನ್ನೂ ಹೂಳಿನಲ್ಲೇ ಮುಚ್ಚಿತ್ತು, ಪಡುವಣದಲ್ಲಿ ಗುಡುಗು ಕೇಳಿಸಿತು. ತೂಬು ತೆರೆಯದೆ ಮಳೆ ಬಂದರೆ ಕೆಳಗಿನ ಗದ್ದೆಗಳಿಗೆ ಆ ವರ್ಷ ನೀರಿಲ್ಲ. ಮೊದಲು ತಿಪ್ಪವ್ವನ ಸ್ವಂತ ನಾದಿನಿಯೇ ಬಾಗಿ ಪುಟ್ಟಿ ಎತ್ತಿಕೊಂಡಳು. "ಕೊಟ್ಬಿಡಕ್ಕ, ಮಕ್ಕಳು ಉಣ್ಣಬೇಕಲ್ಲ" ಎಂದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ತಿಪ್ಪವ್ವ ಕೊಂಡಿ ಬಿಚ್ಚಿ ಬೋರಯ್ಯನ ಅಂಗೈಯಲ್ಲಿಟ್ಟು, ಹೊತ್ತು ಮುಳುಗುವವರೆಗೂ ಎಲ್ಲರ ಜೊತೆ ಮಣ್ಣು ಹೊತ್ತಳು. ಆ ಮಣ್ಣೇ ಈ ದಿಬ್ಬ.

ಪೂಜಾರಿ ಕೊಂಡಿಯನ್ನು ಅಮ್ಮನ ರೇಷ್ಮೆ ಸೆರಗಿಗೆ ಸಿಕ್ಕಿಸಿದ. ಮರುದಿನ ಮಳೆ ಬಂತು, ಕೆರೆ ಕೋಡಿ ಬಿತ್ತು. ಕೊಂಡಿಯಿಂದಲೇ ಅಮ್ಮ ಒಲಿದಳೆಂದು ಜನ ಅವಳನ್ನು ಕೊಂಡಿಯಮ್ಮ ಎಂದು ಕರೆದು, ದಿಬ್ಬದ ಮೇಲೆ ಗುಡಿ ಕಟ್ಟಿದರು. ನನ್ನ ಪ್ರಾಯದಲ್ಲಿ ಪಟ್ಟಣದ ಅಧಿಕಾರಿಯೊಬ್ಬರು ಬಂದು ಕೊಂಡಿಯನ್ನು ನೋಡಿ, ಇದು ಎರಡು ಸಾವಿರ ವರ್ಷದ ಹಿಂದಿನ ರೋಮ್ ದೇಶದ್ದು, ಹೊದ್ದ ಬಟ್ಟೆ ಹೆಗಲಿನಿಂದ ಜಾರದಿರಲೆಂದು ಅಲ್ಲಿಯವರು ಹಾಕಿಕೊಳ್ಳುತ್ತಿದ್ದರು ಎಂದರು. ಕಡಲು ದಾಟಿ ಬಂದ ಯಾವ ವರ್ತಕ ಅದನ್ನು ಇಲ್ಲಿ ಕಳೆದುಕೊಂಡನೋ ಯಾರಿಗೆ ಗೊತ್ತು. ಈಗ ಅದು ವಸ್ತುಸಂಗ್ರಹಾಲಯದ ಗಾಜಿನೊಳಗಿದೆ, ಯಾರ ಹೆಗಲಿನ ಮೇಲೂ ಇಲ್ಲ.

ಗುಡಿಯಿಂದ ಇಳಿಯುವಾಗ ಬಲಕ್ಕೆ, ಮೊಳದೆತ್ತರದ ಒಂದು ಕಲ್ಲು ಕಾಣುತ್ತದೆ. ಯಾರು ಕಡೆದರೋ ತಿಳಿಯದು. ತಲೆಯ ಮೇಲೆ ಪುಟ್ಟಿ ಹೊತ್ತ ಹೆಂಗಸು. ಒಂದು ಕೈ ಪುಟ್ಟಿಗೆ, ಇನ್ನೊಂದು ಕೈ ಎದೆಯ ಮೇಲೆ. ಬಂದವರು ಕುಂಕುಮ ಹಚ್ಚಿ, ತಾವೂ ಎದೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಂಥಾ ಭಕ್ತಿ ನೋಡಿ, ಎನ್ನುತ್ತಾರೆ. ಭಕ್ತಿಯಲ್ಲ ತಾಯಿ, ಅವಳು ಸೆರಗು ಹಿಡಿದುಕೊಂಡಿದ್ದಾಳೆ.