ಸೂರ್ಯನಿಗೆ ಮೊದಲ ಮಣೆ

"ಗುರುಗಳೇ, ದೊಡ್ಡದನ್ನು ಬಯಸಿ ಹೊರಟವನು ಮೊದಲು ಯಾರನ್ನು ನೋಡಿಕೊಳ್ಳಬೇಕು? ಗುರುವನ್ನೋ, ಮನೆಯನ್ನೋ?"

ಕೇಳಿದವನು ನರಹರಿ. ಮಳೆಗಾಲದಲ್ಲಿ ಆಶ್ರಮಕ್ಕೆ ಬಂದವನು. ದೀಪಾವಳಿಗೆ ಊರಿಗೆ ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಗುರುಸೇವೆ ಬಿಟ್ಟು ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಆಶ್ರಮದಲ್ಲಿ ಎಲ್ಲರಿಗಿಂತ ಮೊದಲು ಏಳುವವನು ಅವನೇ, ಗುರುಗಳ ಪಾದುಕೆ ಒರೆಸಿಡುವವನೂ ಅವನೇ. ಆದರೂ ಈಚೆಗೆ ಜಪಕ್ಕೆ ಕೂತರೆ ತಲೆ ಕಾಯುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವರ ಮೇಲೆ ಹರಿಹಾಯುತ್ತಿದ್ದ. ತಪಸ್ಸು ಹೆಚ್ಚಿದರೆ ಹೀಗೇ ಆಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಅಂದು ಬೆಳಗಿನ ಬಸ್ಸಿಗೆ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಈ ಸಲ ಮುಖ ತೋರಿಸದಿದ್ದರೆ ಮತ್ತೆ ಬರುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಅದು ನರಹರಿಗೆ ಚೆನ್ನಾಗಿ ಗೊತ್ತಿತ್ತು. "ಪೂಜೆಯ ಹೊತ್ತು, ಕಾಯಲಿ" ಎಂದು ಬಾಗಿಲು ಕಾಯುವವನ ಕೈಲಿ ಹೇಳಿಸಿದ. ಪೂಜೆ ಮುಗಿದು ಬಹಳ ಹೊತ್ತಾಗಿತ್ತು. ತಾಯಿ ಮಗಳು ಇನ್ನೂ ಹೊರಗೆ ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದರು. ಗುರುಗಳಿಗೆ ಇದೊಂದೂ ತಿಳಿಯದೆಂದು ನರಹರಿ ಎಣಿಸಿದ್ದ. ಅವರ ಬಾಯಿಂದ "ಗುರುವೇ ಮೊದಲು" ಎಂಬ ಒಂದು ಮಾತು ಬಂದರೆ ಸಾಕು, ಎದೆಯ ಭಾರ ಇಳಿಯುತ್ತದೆ ಎಂದುಕೊಂಡು ಕೇಳಿದ್ದ.

ಗುರುಗಳು, "ಕೂತುಕೋ, ಕೋಳಿ ಸಾಕಿದವನ ಕತೆ ಹೇಳುತ್ತೇನೆ" ಎಂದರು.

ಉಪನಿಷತ್ತಿನ ಮಾತು ಬರುತ್ತದೆಂದು ಕಾದವನಿಗೆ ಕೋಳಿ ಬಂತು. ನರಹರಿ ಮುಖ ಸಣ್ಣದು ಮಾಡಿಕೊಂಡು ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಹೊಲ ಅವನದು, ಕೋಳಿ ಹೆಂಡತಿಯದು. ಒಂದು ವರ್ಷ ಕೋಳಿಗಳಿಗೆ ರೋಗ ಬಂತು. ಗೂಡಿಗೆ ಗೂಡೇ ಖಾಲಿಯಾಗಿ ಕೆಲವೇ ಹೇಂಟೆಗಳು ಉಳಿದವು. ಹೆಂಡತಿ ಅವುಗಳ ಮೊಟ್ಟೆಯಲ್ಲಿ ಒಂದನ್ನೂ ಮಾರಲಿಲ್ಲ, ತಿನ್ನಲೂ ಇಲ್ಲ. ಎಲ್ಲವನ್ನೂ ಕೂಡಿಟ್ಟು, ಬಲ್ಬಿನ ಕಾವಿನಲ್ಲಿ ಮರಿ ಮಾಡುವ ಪೆಟ್ಟಿಗೆಯೊಳಗೆ ಇಟ್ಟಳು. ಆ ಮೊಟ್ಟೆ ಒಡೆದರೆ ಗೂಡು ಮತ್ತೆ ತುಂಬುತ್ತದೆ. ಅಷ್ಟರಲ್ಲಿ ಇದ್ದ ಒಂದೇ ಹುಂಜವೂ ಸತ್ತಿತ್ತು; ಕಾವು ತಪ್ಪಿದರೆ ಆ ಕೋಳಿಯ ಸಂತಾನ ಅಲ್ಲಿಗೆ ಮುಗಿಯಿತು.

ಆ ಊರಿನ ಕರೆಂಟು ಹೊಸ ಅಳಿಯನಂತೆ. ಯಾವಾಗ ಬರುತ್ತದೆ, ಯಾವಾಗ ಮುನಿಸಿಕೊಂಡು ಹೋಗುತ್ತದೆ, ಹೇಳುವಂತಿರಲಿಲ್ಲ. ಅದಕ್ಕೆ ರೈತ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದ. ಒಳಗೆ ಬೀಸುವ ಕಲ್ಲಿನ ಪಕ್ಕದಲ್ಲಿ ಒಂದು ಬ್ಯಾಟರಿ ಇಟ್ಟ. ಎರಡರ ನಡುವೆ ಗೋಡೆಗೆ ಕಂಟ್ರೋಲರ್ ಅನ್ನುವ ಅಂಗೈಯಗಲದ ಯಂತ್ರವೊಂದನ್ನು ಕೂರಿಸಿದ. ಪ್ಯಾನೆಲಿನ ತಂತಿಯೂ ಅದಕ್ಕೇ, ಬ್ಯಾಟರಿಯ ತಂತಿಯೂ ಅದಕ್ಕೇ. ತಂತಿ ಕೂಡಿಸುವ ಕೆಲಸ ತಾನೇ ಮಾಡುತ್ತೇನೆಂದ. ಅಂಗಡಿಯವನು ಕಂಟ್ರೋಲರ್ ಕೊಡುವಾಗಲೇ ಹೇಳಿದ್ದ: "ಮೊದಲು ಬ್ಯಾಟರಿ ತಂತಿ ಕೊಡಿ, ಆಮೇಲೆ ಪ್ಯಾನೆಲಿಂದು. ಇದನ್ನ ಮಾತ್ರ ಮರೀಬೇಡಿ." ರೈತ ಮರೆಯಲೂ ಇಲ್ಲ. ಮರೆತಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ.

ಒಳ್ಳೆಯ ದಿನ ನೋಡಿ ರಥಸಪ್ತಮಿಯಂದು ಮುಹೂರ್ತ ಇಟ್ಟುಕೊಂಡ. ಸೂರ್ಯನ ಹಬ್ಬ, ಸೂರ್ಯನ ಕೆಲಸ. ತಲೆಗೂ ಹೆಗಲಿಗೂ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿದ. ಹೆಂಡತಿ ಅಂಗಳದಲ್ಲಿ ಬಿಸಿಲಿಗೆದುರಾಗಿ ಒಲೆ ಹೂಡಿ ಹಾಲು ಉಕ್ಕಿಸಿದಳು. ರೈತ ಪ್ಯಾನೆಲಿಗೆ ಹೂ ಏರಿಸಿ, ಕುಂಕುಮ ಇಟ್ಟು, ಪ್ಯಾನೆಲಿನ ತಂತಿಯನ್ನೇ ಮೊದಲು ಕೈಗೆತ್ತಿಕೊಂಡ.

"ಬ್ಯಾಟರಿ ಮೊದಲು ಅಂದಿದ್ರಲ್ಲ ಅಂಗಡಿಯೋರು?" ಎಂದಳು ಹೆಂಡತಿ.

"ಹಬ್ಬದ ದಿನ ಸೂರ್ಯನಾರಾಯಣನ್ನ ಹೊರಗೆ ನಿಲ್ಲಿಸಿ ಈ ಕರಿ ಡಬ್ಬಕ್ಕೆ ಮೊದಲ ಮಣೆ ಹಾಕ್ಲಾ? ದೊಡ್ಡೋರಿಗೆ ಮೊದಲು. ಅಂಗಡಿಯವನಿಗೇನು ಗೊತ್ತು ಮಡಿ ಮೈಲಿಗೆ!"

"ಒಲೆ ಮೇಲೆ ಪಾತ್ರೆ ಇಟ್ಟು ಆಮೇಲೆ ತಾನೇ ನಾನು ಹಾಲು ಹುಯ್ದಿದ್ದು? ಹಾಲು ದೊಡ್ಡದು ಅಂತ ಮೊದಲು ಹಾಲೇ ಹುಯ್ದಿದ್ರೆ ಏನಾಗ್ತಿತ್ತು?"

ರೈತ ನಕ್ಕ. ಹೆಂಗಸರ ಮಾತು ಒಲೆ ಬಿಟ್ಟು ಹೊರಗೆ ಬರುವುದಿಲ್ಲ ಎಂದುಕೊಂಡ. ಮಂತ್ರ ಹೇಳಿ ಸೂರ್ಯನ ತಂತಿ ಕೂಡಿಸಿದ. ಕಂಟ್ರೋಲರಿನ ದೀಪ ಹತ್ತಿ ಮಿನುಗತೊಡಗಿತು. ಅವನಿಗೆ ರೋಮಾಂಚನವಾಯಿತು. ಕಣ್ಣುಮುಚ್ಚಿ ಕೈಮುಗಿದು ನಿಂತ. ಹೊರಗೆ ಬಿಸಿಲು ಏರುತ್ತಿತ್ತು. ಪೂಜೆ ಮುಗಿಸಿ ಬ್ಯಾಟರಿಯ ತಂತಿ ತಂದು ತಾಗಿಸಿದ. ಚಟ್ಟೆಂದು ಕಿಡಿ ಹಾರಿತು. ಮನೆಯೆಲ್ಲ ಸುಟ್ಟ ವಾಸನೆ. ದೀಪ ಆರಿತು, ಮತ್ತೆ ಹತ್ತಲಿಲ್ಲ.

ಕೆಟ್ಟದ್ದು ಒಂಟಿಯಾಗಿ ಬಂದೀತೇ? ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಲೈನಿನ ಕೆಲಸ ನಡೆದಿದೆ, ಇನ್ನು ನಾಳೆಯೇ ಎಂದು ಊರವರು ಹೇಳಿದರು. ಮರಿ ಪೆಟ್ಟಿಗೆಯ ಬಲ್ಬು ಆರಿತು. ಒಡೆಯುವ ದಿನ ಹತ್ತಿರ ಬಂದಿದ್ದ ಮೊಟ್ಟೆಗಳು ಒಳಗೆ ತಣ್ಣಗಾಗತೊಡಗಿದವು.

ಹೆಂಡತಿ ಕೂಗಾಡಲಿಲ್ಲ. ತಂಬಿಗೆಗಳಲ್ಲಿ ಬಿಸಿನೀರು ತುಂಬಿ ಪೆಟ್ಟಿಗೆಯೊಳಗೆ ಇಟ್ಟಳು, ಮೇಲೆ ಕಂಬಳಿ ಹೊದಿಸಿದಳು. ಹಿತ್ತಲಲ್ಲಿ ಕಾವಿಗೆ ಕೂತಿದ್ದ ಒಂದು ಹೇಂಟೆಯ ಕೆಳಗೆ ಹಿಡಿಸುವಷ್ಟು ಮೊಟ್ಟೆ ಸೇರಿಸಿದಳು. ರೈತ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ನೋಡಿ ಇಷ್ಟೇ ಅಂದಳು: "ಈ ಕೋಳೀಗೂ ಬೆಳಕು ಹರಿದದ್ದು ಗೊತ್ತಾಗುತ್ತೆ. ಹಾಗಂತ ಮೊಟ್ಟೆ ಬಿಟ್ಟು ಕೈಮುಗಿಯೋಕೆ ಎದ್ದು ಹೋಯ್ತಾ?"

ಆ ಮಾತು ರೈತನಿಗೆ ನಾಟಿತು. ಹಣೆಯ ಕುಂಕುಮ ಒರೆಸಿಕೊಳ್ಳದೆ ಗಾಡಿ ಹತ್ತಿ ಪೇಟೆಗೆ ಓಡಿದ.

ಹಬ್ಬಕ್ಕೆಂದು ಬಾಗಿಲು ಹಾಕುತ್ತಿದ್ದ ಅಂಗಡಿಯವನು ಸುಟ್ಟ ಕಂಟ್ರೋಲರನ್ನು ಮೂಸಿ ನೋಡಿದ. "ಪ್ಯಾನೆಲ್ ಮೊದಲು ಕೊಟ್ರಾ?" ಎಂದ. ರೈತ ಹೌದೆಂದು ತಲೆಯಾಡಿಸಿದ.

"ಇದು ನಡುವೆ ಕೂತಿರೋದು ಸ್ವಾಮಿ. ಮೊದಲು ಬ್ಯಾಟರಿ ಮುಖ ನೋಡಬೇಕು, ಅದಕ್ಕೆ ಎಷ್ಟು ಹಿಡಿಯುತ್ತೆ ಅಂತ ತಿಳ್ಕೋಬೇಕು. ಆಮೇಲೆ ಮೇಲಿಂದ ಎಷ್ಟೇ ಸುರೀಲಿ, ಅಳೆದು ಅಳೆದು ಕೊಡುತ್ತೆ. ಯಾರಿಗೆ ಕೊಡಬೇಕು ಅಂತಾನೇ ಗೊತ್ತಿಲ್ಲದೆ ಇಸ್ಕೊಂಡ್ರೆ ಅಷ್ಟೂ ಬಿಸಿ ಇದರ ತಲೆ ಮೇಲೇ ನಿಲ್ಲುತ್ತೆ. ಸುಡದೆ ಇನ್ನೇನು ಮಾಡೀತು?"

"ಸೂರ್ಯ ಕೋಪಿಸ್ಕೊಂಡ ಅಂದ್ಕೊಂಡಿದ್ದೆ."

"ಸೂರ್ಯನಿಗೆ ಬೇರೆ ಕೆಲಸ ಇಲ್ವಾ?" ಎಂದು ಅಂಗಡಿಯವನು ಹೊಸದೊಂದನ್ನು ತೆಗೆದುಕೊಟ್ಟ.

ರೈತ ಮನೆ ಸೇರುವ ಹೊತ್ತಿಗೆ ಬಿಸಿಲು ಪಡುವಣಕ್ಕೆ ವಾಲಿತ್ತು. ಹೆಂಡತಿ ಮೂರನೆಯ ಸಲವೋ ನಾಲ್ಕನೆಯ ಸಲವೋ ನೀರು ಕಾಯಿಸುತ್ತಿದ್ದಳು. ಅವನು ನೇರವಾಗಿ ಬೀಸುವ ಕಲ್ಲಿನ ಪಕ್ಕಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಆ ಕರಿ ಡಬ್ಬದ ಧೂಳು ಒರೆಸಿದ. ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟ. ಆಮೇಲೆ ಕಿಟಕಿಯ ಕಡೆ ತಿರುಗಿ, "ಒಂದು ಗಳಿಗೆ ತಡೀಬೇಕು ಸ್ವಾಮಿ" ಎಂದು ಸೂರ್ಯನಿಗೆ ಕೈಮುಗಿದ. ಸೂರ್ಯ ತಡೆದ. ಅವನಿಗೇನು, ಯುಗಯುಗಗಳಿಂದ ನಮ್ಮಂಥವರಿಗಾಗಿ ಕಾದು ಅಭ್ಯಾಸವಿದೆ.

ಬ್ಯಾಟರಿಯ ತಂತಿ ಮೊದಲು ಕೂಡಿತು. ಆಮೇಲೆ ಸೂರ್ಯನದು. ಕಂಟ್ರೋಲರಿನಲ್ಲಿ ಹಸಿರು ದೀಪ ಹತ್ತಿತು, ಹತ್ತಿದ್ದು ಆರಲಿಲ್ಲ. ಮರಿ ಪೆಟ್ಟಿಗೆಯ ತಂತಿಯನ್ನೂ ಅದಕ್ಕೆ ಕೊಟ್ಟ, ಬಲ್ಬು ಬೆಳಗಿತು. ಹೆಂಡತಿ ಕಂಬಳಿ ತೆಗೆದು ಒಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಬೆಚ್ಚಗಿತ್ತು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಅತ್ತಳು. ರೈತನಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು, ನೋಡದಿರಲೂ ಆಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಪೆಟ್ಟಿಗೆಯೊಳಗೆ ಚಿಯ್ಯೆಂದು ಸದ್ದಾಯಿತು. ಎಲ್ಲ ಮೊಟ್ಟೆಯೂ ಒಡೆಯಲಿಲ್ಲ. ತಣ್ಣಗಾಗಿ ಸತ್ತವು ಸತ್ತವೇ. ಪಶ್ಚಾತ್ತಾಪಕ್ಕೆ ಮೊಟ್ಟೆ ಒಡೆಯುವುದಿಲ್ಲ. ಆದರೆ ಒಡೆದು ಬಂದ ಮರಿಗಳೇ ಅಂಗಳ ತುಂಬುವಷ್ಟಿದ್ದವು. ಆ ವರ್ಷ ರೈತನ ಹೆಂಡತಿ ಹೊಸ ಗೂಡು ಕಟ್ಟಿಸಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ಮಜ್ಜಿಗೆ ಕುಡಿದರು.

ನರಹರಿಗೆ ಸಮಾಧಾನವಾಗಲಿಲ್ಲ. ಕತೆಯಲ್ಲಿ ತಾನು ಯಾರೆಂದು ಹುಡುಕುತ್ತಿದ್ದ. ರೈತನಲ್ಲ ಎಂದು ಮನಸ್ಸು ಹೇಳಿತು, ಬ್ಯಾಟರಿಯಂತೂ ಅಲ್ಲ. ನಡುವೆ ಕೂತದ್ದು, ಅಷ್ಟೂ ಬಿಸಿಯನ್ನು ತನ್ನ ತಲೆಯ ಮೇಲೇ ನಿಲ್ಲಿಸಿಕೊಂಡದ್ದು ನೆನಪಾದಾಗ ಅವನ ಕೈ ತಾನಾಗಿ ಹಣೆಗೆ ಹೋಯಿತು. ಹಣೆ ಸುಡುತ್ತಿತ್ತು. ಆದರೂ ಸೋಲೊಪ್ಪಲು ಮನಸ್ಸಿಲ್ಲದೆ ಕೇಳಿದ:

"ಹಾಗಾದರೆ ಆ ಮನೆಯಲ್ಲಿ ಸೂರ್ಯ ಚಿಕ್ಕವನಾದನೇ, ಗುರುಗಳೇ?"

"ಎಲ್ಲಿ ಚಿಕ್ಕವನಾದ? ಅಷ್ಟು ವರ್ಷ ಮಾಳಿಗೆಯ ಮೇಲೆಯೇ ಇದ್ದವನು ಅಂದು ತಾನೇ ಮನೆಯೊಳಗೆ ಬಂದದ್ದು."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅಂಗಳದಲ್ಲಿ ಎಲೆ ಹಾಕುವ ಸದ್ದು ಕೇಳಿಸಿತು. ದಿನವೂ ಗುರುಗಳ ಎಲೆಯನ್ನು ಮೊದಲು ಹಾಕುವವನು ನರಹರಿ. ಅಭ್ಯಾಸಬಲದಿಂದ ಎದ್ದು ಎಲೆಯ ಕಟ್ಟಿಗೆ ಕೈಹಾಕಿ ಒಂದು ಒಳ್ಳೆಯ ಎಲೆ ಆರಿಸಿದ.

ಗುರುಗಳು ಆ ಎಲೆಯನ್ನು ನೋಡಿ, ಬಾಗಿಲ ಹೊರಗಿನ ಹೊಂಗೆಮರದ ಕಡೆ ನೋಡಿ ಕೇಳಿದರು:

"ಕಟ್ಟೆಯ ಮೇಲೆ ಬೆಳಗಿನಿಂದ ಕೂತಿದ್ದಾರಲ್ಲ, ಅವರಿಬ್ಬರ ಊಟ ಆಯಿತೇನಪ್ಪ?"