ರಂಪಣಿ ಹಗ್ಗದಲ್ಲಿ ತಮ್ಮನ ಜಾಗ

“ಗುರುಗಳೇ, ನನ್ನನ್ನು ಸಾಕಿದ ಅಕ್ಕನೊಡನೆ ಜಗಳವಾಡಿ ಮನೆ ಬಿಟ್ಟು ಬಂದೆ. ಈಗ ಅವಳನ್ನು ನೆನೆಯದೆ ಒಂದು ತುತ್ತೂ ಇಳಿಯುವುದಿಲ್ಲ. ಅವಳಿಗೂ ನನ್ನ ಮೇಲೆ ಪ್ರೀತಿ ಇದ್ದಿದ್ದರೆ ಒಮ್ಮೆಯಾದರೂ ಕರೆಯುತ್ತಿರಲಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಪಟ್ಟಣದ ಕಡಲ ದಂಡೆಯಲ್ಲಿ ಒಬ್ಬ ಮೀನುಗಾರನಿದ್ದ. ಸಂಜೆಯಾದರೆ ಅಲ್ಲಿ ಗಾಳಿ ಸೇವನೆಗೆ ಬಂದವರು, ಚುರುಮುರಿ ತಿನ್ನಲು ಬಂದವರು, ಗಾಳಿಪಟ ಹಾರಿಸುವವರು ಎಲ್ಲರೂ ಸೇರುತ್ತಿದ್ದರು. ಅವರ ನಡುವೆಯೇ ಮೀನುಗಾರರು ಸಾಲಾಗಿ ನಿಂತು, ಕಡಲಿಗೆ ಬೀಸಿದ ರಂಪಣಿ ಎಂಬ ದೊಡ್ಡ ಬಲೆಯ ಹಗ್ಗವನ್ನು ದಡಕ್ಕೆ ಎಳೆಯುತ್ತಿದ್ದರು. ಆ ಹಗ್ಗಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಂದು ಕೈಹಾಕಿದವನಿಗೆ ಮೀನಿನಲ್ಲಿ ಪಾಲುಂಟು.

ಹಗ್ಗದಲ್ಲಿ ಆ ಮೀನುಗಾರನ ಬೆನ್ನ ಹಿಂದಿನ ಜಾಗ ಅವನ ತಮ್ಮನದು. ಏನೋ ಒಂದು ಮಾತಿಗೆ ಮುನಿದು ತಮ್ಮ ಪೇಟೆಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಣ್ಣ ಆ ಜಾಗವನ್ನು ಖಾಲಿ ಬಿಟ್ಟ. ದಿನವೂ ತನ್ನ ಪಾಲಿನಿಂದಲೇ ತಮ್ಮನಿಗೆಂದು ಮೀನು ತೆಗೆದಿಡುತ್ತಿದ್ದ; ಅದನ್ನು ದಂಡೆಯ ಕಾಗೆಗಳು ತಿಂದು ಕೊಬ್ಬಿದವು.

ತಮ್ಮನಿಗೆ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ರಜೆ ಸಿಕ್ಕಾಗಲೆಲ್ಲ ದಂಡೆಗೆ ಬಂದು, ಜನರ ಗುಂಪಿನಲ್ಲಿ ನಿಂತು ದೂರದಿಂದ ನೋಡುತ್ತಿದ್ದ. ಕರೆಯದೆ ಹೋದರೆ ಮಾನವೇನು ಉಳಿಯಿತು ಎಂದುಕೊಳ್ಳುತ್ತಿದ್ದ. ಅಣ್ಣನಿಗೂ ಅವನು ಕಾಣುತ್ತಿದ್ದ. ಓಡಿಹೋಗಿ ಅಪ್ಪಿಕೊಳ್ಳಬೇಕು ಎನ್ನಿಸುತ್ತಿತ್ತು. ಆದರೆ ಮನೆಯವನನ್ನು ಕರೆದರೆ ಅವನನ್ನು ನೆಂಟನನ್ನಾಗಿ ಮಾಡಿದಂತೆ ಎಂದು ಸುಮ್ಮನಿರುತ್ತಿದ್ದ. ಇಬ್ಬರೂ ಬುದ್ಧಿವಂತರೇ, ಏನು ಮಾಡುವುದು!

ಒಂದು ಸಂಜೆ ಪ್ರವಾಸಕ್ಕೆ ಬಂದವನೊಬ್ಬ ಮೋಜಿಗೆಂದು ಆ ಖಾಲಿ ಜಾಗದಲ್ಲಿ ನಿಂತು ಹಗ್ಗ ಹಿಡಿದ.

“ಅಲ್ಲಿ ಬೇಡ ಮಾರಾಯ್ರೆ, ಅದು ನನ್ನ ತಮ್ಮನ ಜಾಗ” ಎಂದು ಅಣ್ಣ ಅವನ ಕೈ ಬಿಡಿಸಿ ಆಚೆಗೆ ಕಳುಹಿಸಿದ.

ದೂರದಲ್ಲಿದ್ದ ತಮ್ಮನಿಗೆ ಕೈ ಬಿಡಿಸಿದ್ದು ಕಂಡಿತು, ಮಾತು ಮುಟ್ಟಲಿಲ್ಲ. ದಾರಿಹೋಕನಿಗೇ ಜಾಗ ಕೊಡದವನು ನನಗೆ ಕೊಟ್ಟಾನೆಯೇ ಎಂದು ಅವನ ಎದೆ ಒಡೆಯಿತು. ಅಂದೇ ಪಟ್ಟಣ ಬಿಟ್ಟು ಹೋದ. ಅಣ್ಣ ಈಗಲೂ ಹಗ್ಗ ಎಳೆಯುತ್ತಾ ಗುಂಪಿನ ಮುಖಗಳಲ್ಲಿ ಅವನನ್ನು ಹುಡುಕುತ್ತಾನೆ.

ಶಿಷ್ಯ ಕೇಳಿದ: “ಹಾಗಾದರೆ ತಪ್ಪು ಯಾರದು ಗುರುಗಳೇ? ಅಣ್ಣನದೋ, ತಮ್ಮನದೋ?”

ಗುರು ಕೇಳಿದರು: “ನಿನ್ನಕ್ಕನ ಊರಿಗೆ ನಾಳೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?”