ಟೀವಿ ನೋಡಿ ಗುಡ್ಡಕ್ಕೆ ಹೊರಟ ಹೋತಮರಿ

ಕಾಡಿನ ಅಂಚಿನಲ್ಲಿ ಒಂದು ಕುಂಟೆ, ಕುಂಟೆಯ ದಡದಲ್ಲಿ ಫಾರೆಸ್ಟ್ ಗಾರ್ಡ್ ಮನೆ. ಅವನ ಟೀವಿ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು. ಸಂಜೆಯಾದರೆ ಸಾಕು, ಎಮ್ಮೆ, ಮೇಕೆ, ಕಾಗೆ ಎಲ್ಲವೂ ಕಿಟಕಿ ಹೊರಗೆ ಹಾಜರು. ಅಷ್ಟು ಸರಿಯಾದ ಹೊತ್ತಿಗೆ ನಾನು ಶಾಲೆಗೆ ಹೋದವನಲ್ಲ, ನೀವೂ ಹೋದವರಲ್ಲ ಬಿಡಿ.

ಅವರಲ್ಲಿ ಜಿಗ್ಗ ಅನ್ನೋ ಹೋತಮರಿಯೂ ಒಬ್ಬ. ಮರಿ ಅಂದರೆ ಅವನಿಗೆ ಸಿಟ್ಟು. ಗದ್ದದಲ್ಲಿ ಮೂರು ಕೂದಲು ಬಂದಿದ್ದವಲ್ಲ! ಒಬ್ಬ ಗಟ್ಟಿಗ ಬರಿಗೈಲಿ ಕಾಡಿಗೆ ಹೋಗಿ ಏಳು ದಿನ ಬದುಕಿ ಬರುವ ಕಾರ್ಯಕ್ರಮ ಅಂದರೆ ಅವನಿಗೆ ಹುಚ್ಚು. ಈ ಸಲ ಗಟ್ಟಿಗ ಹೋಗಿದ್ದು ಕುಂಟೆಯಾಚೆ ಕಾಣುವ ಅದೇ ನೀಲಿ ಗುಡ್ಡಕ್ಕೆ.

ಅವತ್ತಿನಿಂದ ಜಿಗ್ಗ ಬಾಯಲ್ಲಿ ಮೇವು ಇಟ್ಟುಕೊಂಡೇ ಗುಡ್ಡ ನೋಡುತ್ತಾ ನಿಂತುಬಿಡುವನು. ಮೋಡದ ನೆರಳು ಗುಡ್ಡದ ಮೇಲೆ ಸರಿದರೆ ಅವನ ಎದೆಯೊಳಗೂ ಏನೋ ಸರಿದ ಹಾಗಾಗುವುದು.

"ಬೂದಜ್ಜಿ, ಅದು ಈ ವಯಸ್ಸಿನವರು ನೋಡೋದಲ್ಲ. ಮೊಮ್ಮಗನ್ನ ಕಿಟಕಿ ಹತ್ರ ಬಿಡಬೇಡಿ," ಅಂದಳು ಎಮ್ಮೆ ಸಣ್ಣಕ್ಕ.

"ನೀನು ಧಾರಾವಾಹಿ ನೋಡಿ ದಿನಾ ಅಳಲ್ವೇನೇ? ಇದೂ ಹಾಗೇ. ನೋಡ್ಕೊಳ್ಳಲಿ ಬಿಡು," ಅಂದಳು ಜಿಗ್ಗನ ಅಜ್ಜಿ, ಮುದಿಮೇಕೆ ಬೂದಜ್ಜಿ. ಆದರೆ ಒಂದು ದಿನವೂ ಅವನ ಜೊತೆ ನಿಂತು ನೋಡಲಿಲ್ಲ.

"ಅಜ್ಜಿ, ಒಂದ್ಸಲ ಗುಡ್ಡಕ್ಕೆ ಕರ್ಕೊಂಡು ಹೋಗೇ."

"ನಾಳೆ ನೋಡೋಣ."

ಎಷ್ಟು ನಾಳೆಗಳು ಹೋದವೋ! ಕೊನೆಗೊಂದು ಬೆಳಗ್ಗೆ ಜಿಗ್ಗ ಒಬ್ಬನೇ ಹೊರಟ.

ಮೇಕೆಗಳಲ್ಲಿ ಒಂದು ಪದ್ಧತಿ ಇದೆ. ಹೊಸ ಎಲೆ ಕಂಡರೆ ಮರಿ ಮೊದಲು ಹಿರಿಯರ ಬಾಯಿ ಮೂಸಬೇಕು. ಅಲ್ಲಿ ಅದೇ ವಾಸನೆ ಬಂದರೆ ತಿನ್ನಬಹುದು, ಇಲ್ಲದಿದ್ದರೆ ಇಲ್ಲ. ಗುಡ್ಡದ ಬುಡದ ತೊರೆ ಪಕ್ಕ ಜಿಗ್ಗನಿಗೆ ಉದ್ದುದ್ದ ಎಲೆಯ ಗಿಡ ಕಂಡಿತು. ಗಟ್ಟಿಗ ಟೀವಿಯಲ್ಲಿ ಕಚಕಚ ಅಗಿದದ್ದು ಇದನ್ನೇ! ಟೀವಿಯ ಬಾಯಿ ಮೂಸಿದರೆ ಗಾಜಿನ ವಾಸನೆ ಬಿಟ್ಟು ಇನ್ನೇನು ಬಂದೀತು? ಜಿಗ್ಗ ಮೂಸದೆಯೇ ಬಾಯಿ ಹಾಕಿದ.

ಅದು ಕಣಗಿಲೆ. ವಿಷ.

ಅರ್ಧ ಎಲೆ ಒಳಗೆ ಹೋಗುವಷ್ಟರಲ್ಲಿ ಮೇಲಿಂದ ಕಾಗೆ ಬೋಜಣ್ಣ ಕಿರುಚಿದ. "ಉಗಿಯೋ! ಉಗಿಯೋ ಪೆದ್ದ!"

ಜಿಗ್ಗ ಉಗಿದ. ಸ್ವಲ್ಪ ಹೊತ್ತಿಗೇ ಬಾಯಲ್ಲಿ ನೊರೆ ಬಂತು, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಬೋಜಣ್ಣ ಹಾರಿಹೋಗಿ ಅಜ್ಜಿಯನ್ನು ಕರೆತಂದ.

"ಟೀವಿಲಿ ಆ ಗಟ್ಟಿಗ ತಿಂದ್ನಲ್ಲ, ಬೋಜಣ್ಣ..." ಜಿಗ್ಗ ತೊದಲಿದ.

"ಎಲ್ಲಿ ತಿಂದ? ಶೂಟಿಂಗ್ ದಿನ ನಾನು ಇದೇ ಮರದ ಮೇಲಿದ್ದೆ. ಕ್ಯಾಮೆರಾ ಆ ಕಡೆ ತಿರುಗಿದ್ದೇ ತಡ, ಥೂ ಅಂತ ಉಗಿದ. ಡಾಕ್ಟರು ಪಕ್ಕದಲ್ಲೇ ನಿಂತು ಬಾಯಿ ತೊಳೆಸಿದ್ರು. ಆಮೇಲೆ ಕೂತು ಚಿತ್ರಾನ್ನ ಹೊಡೆದ. ನಂಗೂ ನಾಲ್ಕು ಅಗುಳು ಸಿಕ್ತು."

"ಮೊದಲೇ ಹೇಳ್ಬಾರ್ದಿತ್ತಾ?" ಅಜ್ಜಿ ಗದರಿದಳು.

"ನೀವ್ಯಾರು ಕೇಳಿದ್ರಿ?"

ಆ ದಿನವೆಲ್ಲ ಅಜ್ಜಿ, ಕಣ್ಣು ಮುಚ್ಚಿ ಬಿದ್ದಿದ್ದ ಅವನ ಮೈಗೆ ಮೈ ತಾಗಿಸಿಕೊಂಡು ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಜಿಗ್ಗ ಕಣ್ಣು ಬಿಟ್ಟ.

"ಇನ್ನು ಟೀವಿ ಬೇಡ ಅಜ್ಜಿ. ಗುಡ್ಡಾನೂ ಬೇಡ."

ಅಜ್ಜಿ ತಲೆ ಎತ್ತಿ ಗುಡ್ಡವನ್ನೇ ನೋಡಿದಳು. "ಗುಡ್ಡ ಏನು ಮಾಡ್ತೋ ನಿಂಗೆ? ನಿನ್ನ ವಯಸ್ಸಲ್ಲಿ ನಂಗೂ ಹೀಗೇ ಎದೆ ಎಳೀತಿತ್ತು. ಕರ್ಕೊಂಡು ಹೋಗೋರು ಯಾರೂ ಇರ್ಲಿಲ್ಲ. ಕಾಯ್ತಾ ಕಾಯ್ತಾ ಮಂಡಿ ಹೋಯ್ತು."

ಜಿಗ್ಗನ ಕಾಲಿಗೆ ಬಲ ಬಂದ ಮೇಲೆ ಇಬ್ಬರೂ ಗುಡ್ಡ ಹತ್ತಿದರು. ಪ್ರತಿ ಗಿಡದ ಹತ್ತಿರವೂ ಅಜ್ಜಿ ನಿಂತಳು, ತಿನ್ನುವಂಥದ್ದನ್ನು ತಿಂದಳು, ತನ್ನ ಬಾಯಿ ಮೂಸಿಸಿದಳು. ಅರ್ಧ ದಾರಿಗೆ ಅವಳ ಮಂಡಿ ಸೋತಿತು. ಬಂಡೆಯ ಮೇಲೆ ಕೂತರು. ಅಲ್ಲಿಂದ ನೋಡಿದರೆ ದೂರದಲ್ಲಿ ಇನ್ನೊಂದು ಗುಡ್ಡ, ಇದಕ್ಕಿಂತ ನೀಲಿ.

"ಅಜ್ಜಿ, ಅಲ್ಲಿ ನೋಡು."

"ನೋಡ್ತಾನೇ ಇದೀನಿ ಕಣೋ," ಅಂದಳು ಅಜ್ಜಿ. ಅವಳ ಕಣ್ಣು ಆಗಲೇ ಅಲ್ಲಿಗೆ ಹೋಗಿತ್ತು.

ನೀತಿ: ಟೀವಿಯ ಕಾಡು ನೋಡಿ ಆಸೆಪಡುವುದು ತಪ್ಪಲ್ಲ, ಅದನ್ನೇ ನಂಬಿ ಒಂಟಿಯಾಗಿ ಹೊರಡುವುದು ತಪ್ಪು; ದೊಡ್ಡವರು ಟೀವಿ ಬೇಡ ಅನ್ನುವ ಮೊದಲು ಜೊತೆಗೆ ಕೂತು ನೋಡಲಿ, ನಿಜವಾದ ಕಾಡಿಗೆ ಜೊತೆಗೆ ನಡೆಯಲಿ.